ಸೇನಾ ಸರಬರಾಜಿನಲ್ಲಿ ಅಪಾಯಕಾರಿ ವಸ್ತುಗಳ ನಿರ್ವಹಣೆ

ಸೇನೆ ಕೊಂಡು, ಕೂಡಿಟ್ಟು, ಸಾಗಿಸಿ, ಬಳಸುವ ಸಾಮಗ್ರಿಗಳಲ್ಲಿ ಜೀವಕ್ಕೆ, ಆಸ್ತಿಗೆ, ನೆಲ-ನೀರಿಗೆ ಕೇಡು ತರಬಲ್ಲವನ್ನು ಖರೀದಿಯಿಂದ ವಿಲೇವಾರಿಯವರೆಗೆ ಹತೋಟಿಯಲ್ಲಿಡುವ ವ್ಯವಸ್ಥೆ. ಮದ್ದುಗುಂಡು, ಸ್ಫೋಟಕಗಳು ಇದರಲ್ಲಿ ಮೊದಲು ನೆನಪಾಗುತ್ತವೆ. ಆದರೆ ದಿನಬಳಕೆಯಲ್ಲಿ ಹೆಚ್ಚಾಗಿ ಕೈಗೆ ಬರುವುದು ಪೆಟ್ರೋಲ್, ಡೀಸೆಲ್, ವಿಮಾನ ಇಂಧನ, ಗ್ರೀಸು, ಬಣ್ಣ, ತಿನ್ನರ್, ಅಂಟು, ಬ್ಯಾಟರಿ, ಆಮ್ಲ, ಕೀಟನಾಶಕ, ಬೆಂಕಿ ಆರಿಸುವ ನೊರೆ, ಅನಿಲದ ಸಿಲಿಂಡರು ಮುಂತಾದವು.

ರಾಸಾಯನಿಕ ಕಾರ್ಖಾನೆಯೊಂದು ಕೆಲವೇ ವಸ್ತುಗಳನ್ನು ಒಂದೇ ಜಾಗದಲ್ಲಿ, ನುರಿತ ಕೆಲಸಗಾರರಿಂದ ನಿಭಾಯಿಸುತ್ತದೆ. ಸೇನೆಯ ಸ್ಥಿತಿ ಬೇರೆ. ಅದರ ಪಟ್ಟಿಯಲ್ಲಿ ಇಂಥ ವಸ್ತುಗಳು ಸಾವಿರಾರು. ಅವು ಮರುಭೂಮಿಯ ಡೇರೆಯಿಂದ ಹಿಡಿದು ಜಲಾಂತರ್ಗಾಮಿಯ ಒಡಲಿನವರೆಗೆ ಹರಡಿರುತ್ತವೆ. ಕೆಲವು ದಾಸ್ತಾನುಗಳು ಹತ್ತಾರು ವರ್ಷ ಅಲುಗದೆ ಕೂತಿರುತ್ತವೆ; ಅವನ್ನು ಕಾಯುವವರು ಮಾತ್ರ ಎರಡು-ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತಾರೆ. ಇದರ ಮೇಲೆ ಗುಟ್ಟು ಕಾಯುವ ಅಗತ್ಯ ಬೇರೆ. ಹೀಗಾಗಿ ವಸ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ಅದರ ಗುಣ, ವಯಸ್ಸು, ಅಪಾಯಗಳ ತಿಳಿವಳಿಕೆಯೂ ಜೊತೆಗೇ ದಾಟುವಂತೆ ನೋಡಿಕೊಳ್ಳುವುದು ಈ ನಿರ್ವಹಣೆಯ ತಿರುಳು. ಕಳೆದ ನೂರು ವರ್ಷಗಳ ದೊಡ್ಡ ಅವಘಡಗಳಲ್ಲಿ ಹಲವು ನಡೆದಿರುವುದು ಸರಕು ಮುಂದೆ ಹೋಗಿ ಮಾಹಿತಿ ಹಿಂದೆ ಉಳಿದ ಕಡೆಗಳಲ್ಲಿ.

ವರ್ಗೀಕರಣ

ಅಪಾಯಕಾರಿ ಸರಕುಗಳ ಸಾಗಣೆಗೆ ವಿಶ್ವಸಂಸ್ಥೆಯ ತಜ್ಞರ ಸಮಿತಿ 1956ರಲ್ಲಿ ಮೊದಲು ಹೊರತಂದ ಶಿಫಾರಸುಗಳು ಇಂದು ನಾಗರಿಕ, ಸೇನಾ ವ್ಯವಸ್ಥೆಗಳೆರಡಕ್ಕೂ ತಳಹದಿ. ಇವುಗಳ ಪ್ರಕಾರ ವರ್ಗಗಳು ಒಂಬತ್ತು: 1. ಸ್ಫೋಟಕಗಳು, 2. ಅನಿಲಗಳು, 3. ಹೊತ್ತಿಕೊಳ್ಳುವ ದ್ರವಗಳು, 4. ಹೊತ್ತಿಕೊಳ್ಳುವ ಘನವಸ್ತುಗಳು, 5. ಉತ್ಕರ್ಷಕಗಳು ಮತ್ತು ಸಾವಯವ ಪೆರಾಕ್ಸೈಡುಗಳು, 6. ವಿಷಗಳು ಮತ್ತು ಸೋಂಕುಕಾರಕಗಳು, 7. ವಿಕಿರಣಶೀಲ ವಸ್ತುಗಳು, 8. ಕೊರೆಯುವ ವಸ್ತುಗಳು, 9. ಇತರೆ. ಪ್ರತಿ ವಸ್ತುವಿಗೆ ಅಥವಾ ವಸ್ತುಗುಂಪಿಗೆ ನಾಲ್ಕು ಅಂಕಿಗಳ ಸಂಖ್ಯೆಯೊಂದಿದೆ. ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರಿನ ಹಿಂಬದಿಯ ಫಲಕದಲ್ಲಿ ಕಾಣುವ 1203 ಇಂಥದ್ದು. ವಿಮಾನದ ಟರ್ಬೈನ್ ಇಂಧನಕ್ಕೆ 1863, ಕ್ಲೋರಿನ್ನಿಗೆ 1017, ಲಿಥಿಯಂ ಅಯಾನ್ ಬ್ಯಾಟರಿಗೆ 3480.

ಸೇನೆಗೆ ಹೆಚ್ಚು ಮುಖ್ಯವಾದ ಒಂದನೆಯ ವರ್ಗವನ್ನು ಮತ್ತೆ ಆರು ವಿಭಾಗಗಳಾಗಿ ಒಡೆಯಲಾಗಿದೆ. 1.1ರಲ್ಲಿ ಇಡೀ ರಾಶಿ ಒಮ್ಮೆಗೇ ಸಿಡಿಯುವಂಥವು, 1.2ರಲ್ಲಿ ಚೂರುಗಳು ಹಾರುವಂಥವು, 1.3ರಲ್ಲಿ ಮುಖ್ಯವಾಗಿ ಧಗಧಗಿಸಿ ಉರಿಯುವಂಥವು, 1.4ರಲ್ಲಿ ಅಪಾಯ ಕಡಿಮೆಯಿರುವಂಥವು ಬರುತ್ತವೆ. 1.5 ಮತ್ತು 1.6 ಸುಲಭಕ್ಕೆ ಕೆರಳದ ಸ್ಫೋಟಕಗಳಿಗೆ ಮೀಸಲು. ಇದಲ್ಲದೆ ಯಾವುದರ ಪಕ್ಕ ಯಾವುದನ್ನು ಇಡಬಹುದು ಎಂದು ತಿಳಿಸುವ ಹೊಂದಾಣಿಕೆಯ ಗುಂಪುಗಳೂ ಇವೆ. ಇವನ್ನು ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುವುದು ವಾಡಿಕೆ. ಎರಡೂ ಸ್ಫೋಟಕಗಳೇ ಆದರೂ ಡಿಟೊನೇಟರುಗಳ ಪೆಟ್ಟಿಗೆಯನ್ನು ಟಿಎನ್‌ಟಿ ತುಂಬಿದ ಶೆಲ್ಲುಗಳ ಕೋಣೆಯಲ್ಲಿ ಇಡದಿರುವುದಕ್ಕೆ ಕಾರಣ ಈ ವಿಂಗಡಣೆ.

ರಾಸಾಯನಿಕಗಳ ವರ್ಗೀಕರಣ ಮತ್ತು ಲೇಬಲಿಂಗಿಗಾಗಿ ವಿಶ್ವಸಂಸ್ಥೆ 2003ರಲ್ಲಿ ಪ್ರಕಟಿಸಿದ ಏಕರೂಪ ಪದ್ಧತಿಯು ಕೆಂಪು ಅಂಚಿನ ವಜ್ರಾಕಾರದ ಚಿಹ್ನೆಗಳನ್ನೂ 16 ಭಾಗಗಳ ಸುರಕ್ಷತಾ ಮಾಹಿತಿ ಪತ್ರವನ್ನೂ ಬಳಕೆಗೆ ತಂದಿತು. ಓದು ಬಾರದವರಿಗೂ, ಬೇರೆ ಭಾಷೆಯವರಿಗೂ ಚಿಹ್ನೆ ಅರ್ಥವಾಗಬೇಕೆಂಬುದು ಇದರ ಉದ್ದೇಶ. ಹಲವು ದೇಶಗಳ ಪಡೆಗಳು ಒಟ್ಟಿಗೆ ಕೆಲಸ ಮಾಡುವ ಕಡೆ ಇದರ ಉಪಯೋಗ ಹೆಚ್ಚು.

ಇತಿಹಾಸ

ಸೇನಾ ಸ್ಫೋಟಕಗಳ ಸುರಕ್ಷತೆಯ ಇಂದಿನ ನಿಯಮಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ದುರಂತದ ತನಿಖೆಯಿಂದ ಹುಟ್ಟಿದವು. 1926ರ ಜುಲೈ 10ರಂದು ಅಮೆರಿಕದ ನ್ಯೂಜೆರ್ಸಿಯ ಲೇಕ್ ಡೆನ್ಮಾರ್ಕ್ ನೌಕಾ ಮದ್ದುಗುಂಡು ಡಿಪೊಗೆ ಸಿಡಿಲು ಬಡಿಯಿತು. ಒಂದು ಉಗ್ರಾಣದ ಬೆಂಕಿ ಪಕ್ಕದ್ದಕ್ಕೆ ಹಬ್ಬಿ, ಸರಣಿ ಸ್ಫೋಟಗಳಾಗಿ, ನೆರೆಯ ಸೇನಾ ಶಸ್ತ್ರಾಗಾರವೂ ಜಖಂಗೊಂಡಿತು. ಮೊದಲ ಮಹಾಯುದ್ಧದಲ್ಲಿ ಉಳಿದ ಸಿಡಿಮದ್ದನ್ನು ಒತ್ತೊತ್ತಾಗಿ ಕೂಡಿಟ್ಟಿದ್ದರಿಂದ ಹಾನಿ ಹೆಚ್ಚಿತೆಂದು ತಿಳಿದ ಮೇಲೆ ಅಮೆರಿಕದ ಕಾಂಗ್ರೆಸ್ 1928ರಲ್ಲಿ ಭೂಸೇನೆ ಮತ್ತು ನೌಕಾಪಡೆಗಳ ಜಂಟಿ ಮಂಡಳಿಯೊಂದನ್ನು ರಚಿಸಿತು. ಇಂದಿನ ಅಮೆರಿಕದ ರಕ್ಷಣಾ ಸ್ಫೋಟಕ ಸುರಕ್ಷತಾ ಮಂಡಳಿಗೆ ಮೂಲ ಇದು. ಮಣ್ಣು ಮುಚ್ಚಿದ ಕಮಾನು ಉಗ್ರಾಣಗಳು ಮತ್ತು ಉಗ್ರಾಣಗಳ ನಡುವೆ ಇರಬೇಕಾದ ದೂರದ ಕೋಷ್ಟಕಗಳು ಆ ಹೊತ್ತಿನಿಂದ ನೆಲೆಗೊಂಡವು.

ಎರಡನೆಯ ಮಹಾಯುದ್ಧದಲ್ಲಿ ಮಾಹಿತಿಯ ಕೊರತೆ ತಂದ ಹಾನಿಗೆ ಇಟಲಿಯ ಬಾರಿ ಬಂದರು ಉದಾಹರಣೆ. 1943ರ ಡಿಸೆಂಬರ್ 2ರ ರಾತ್ರಿ ಜರ್ಮನ್ ವಿಮಾನಗಳು ಈ ಬಂದರಿನ ಮೇಲೆ ದಾಳಿ ಮಾಡಿದಾಗ ಅಲ್ಲಿದ್ದ ಅಮೆರಿಕದ ಜಾನ್ ಹಾರ್ವಿ ಹಡಗಿನಲ್ಲಿ ಸಾಸಿವೆ ಅನಿಲ ತುಂಬಿದ 2,000 ಬಾಂಬುಗಳಿದ್ದವು. ವಿಷಯವನ್ನು ಗುಟ್ಟಾಗಿ ಇಡಲಾಗಿತ್ತು. ಹಡಗಿನಲ್ಲಿ ಇದನ್ನು ಬಲ್ಲವರು ಸ್ಫೋಟದಲ್ಲೇ ಸತ್ತರು. ನೀರಿನ ಮೇಲೆ ಹರಡಿದ ಎಣ್ಣೆಯಲ್ಲಿ ವಿಷ ಬೆರೆಯಿತು. ಆ ಎಣ್ಣೆಯಲ್ಲಿ ಈಜಿ ದಡ ಸೇರಿದ ನಾವಿಕರನ್ನು ಆಸ್ಪತ್ರೆಯಲ್ಲಿ ಒದ್ದೆ ಬಟ್ಟೆಯಲ್ಲೇ ಕಂಬಳಿ ಹೊದಿಸಿ ಮಲಗಿಸಲಾಯಿತು. ಬಟ್ಟೆ ಕಳಚಿ ಮೈ ತೊಳೆದಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು. ಆದರೆ ಕಣ್ಣು ಉರಿದು, ಮೈಯೆಲ್ಲ ಬೊಬ್ಬೆಯೆದ್ದುದು ಯಾಕೆಂದು ವೈದ್ಯರಿಗೆ ತಿಳಿದಿರಲಿಲ್ಲ. ತನಿಖೆಗೆ ಬಂದ ಸೇನಾ ವೈದ್ಯ ಲೆಫ್ಟಿನೆಂಟ್ ಕರ್ನಲ್ ಸ್ಟೂವರ್ಟ್ ಅಲೆಕ್ಸಾಂಡರ್ ಲಕ್ಷಣಗಳನ್ನು ಜೋಡಿಸಿ ಕಾರಣವನ್ನು ಪತ್ತೆ ಮಾಡಿದರು. ಆಸ್ಪತ್ರೆ ಸೇರಿದ 600ಕ್ಕೂ ಹೆಚ್ಚು ಸೈನಿಕ-ನಾವಿಕರಲ್ಲಿ 83 ಮಂದಿ ಸತ್ತರು. ಊರಿನ ನಾಗರಿಕರ ಸಾವಿಗೆ ಸರಿಯಾದ ಲೆಕ್ಕವೇ ಇಲ್ಲ.

1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಿಡಿದದ್ದು ಹೊಂದಾಣಿಕೆಯಿಲ್ಲದ ಸರಕುಗಳನ್ನು ಒಟ್ಟಿಗೆ ತುಂಬಿದ್ದರ ಫಲ. ಸುಮಾರು 1,400 ಟನ್ ಸ್ಫೋಟಕಗಳಿದ್ದ ಈ ಹಡಗಿಗೆ ಕರಾಚಿಯಲ್ಲಿ ಹತ್ತಿಯ ಬೇಲುಗಳನ್ನೂ ಎಣ್ಣೆಯ ಡ್ರಮ್ಮುಗಳನ್ನೂ ಹೇರಲಾಗಿತ್ತು. ಮಧ್ಯಾಹ್ನ ಹತ್ತಿಗೆ ತಗುಲಿದ ಬೆಂಕಿ ಆರಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಮೊದಲ ಸ್ಫೋಟ, ಅರ್ಧ ಗಂಟೆಯಲ್ಲಿ ಎರಡನೆಯದು. ಸತ್ತವರ ಸಂಖ್ಯೆಯನ್ನು 800ರಿಂದ 1,300ರವರೆಗೆ ಅಂದಾಜು ಮಾಡುತ್ತಾರೆ. ಅಂದು ಪ್ರಾಣ ತೆತ್ತ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಭಾರತದಲ್ಲಿ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸಲಾಗುತ್ತದೆ.

ಹಳೆಯ ದಾಸ್ತಾನಿನ ಅಪಾಯ ಎದ್ದು ಕಂಡದ್ದು ಅಮೆರಿಕದ ವಿಮಾನವಾಹಕ ನೌಕೆ ಫಾರೆಸ್ಟಲ್‌ನಲ್ಲಿ. 1967ರ ಜುಲೈ 29ರಂದು ಟಾಂಕಿನ್ ಕೊಲ್ಲಿಯಲ್ಲಿ, ಹಾರಲು ಸಜ್ಜಾಗಿದ್ದ ವಿಮಾನವೊಂದರ ರಾಕೆಟ್ ವಿದ್ಯುತ್ ದೋಷದಿಂದ ತಾನಾಗಿ ಚಿಮ್ಮಿ ಇನ್ನೊಂದು ವಿಮಾನದ ಇಂಧನ ಟ್ಯಾಂಕಿಗೆ ಬಡಿಯಿತು. ವಿಯೆಟ್ನಾಂ ಯುದ್ಧದಲ್ಲಿ ಬಾಂಬುಗಳ ಕೊರತೆಯಿದ್ದುದರಿಂದ ಹಿಂದಿನ ದಿನವಷ್ಟೇ ಈ ನೌಕೆಗೆ ಹಳೆಯ ಮಾದರಿಯ ಬಾಂಬುಗಳನ್ನು ಸರಬರಾಜು ಮಾಡಲಾಗಿತ್ತು. ಹೊಸ ಬಾಂಬುಗಳು ಬೆಂಕಿಯಲ್ಲಿ ಹಲವು ನಿಮಿಷ ತಡೆಯುತ್ತಿದ್ದವು. ಅದನ್ನೇ ನಂಬಿ ಬೆಂಕಿ ಆರಿಸಲು ನುಗ್ಗಿದವರ ಎದುರು ಹಳೆಯ ಬಾಂಬು ಸುಮಾರು ಒಂದೂವರೆ ನಿಮಿಷದಲ್ಲೇ ಸಿಡಿಯಿತು. 134 ಮಂದಿ ಸತ್ತರು. ಬೆಂಕಿಗೂ ಹೊಡೆತಕ್ಕೂ ಸುಲಭವಾಗಿ ಸಿಡಿಯದ ಮದ್ದುಗುಂಡುಗಳ ಸಂಶೋಧನೆಗೆ ಈ ಘಟನೆ ಒತ್ತು ಕೊಟ್ಟಿತು.

1970ರ ದಶಕದಿಂದ ಪರಿಸರ ಕಾನೂನುಗಳು ಈ ಕ್ಷೇತ್ರದ ದಿಕ್ಕು ಬದಲಿಸಿದವು. ಅಮೆರಿಕದಲ್ಲಿ ತ್ಯಾಜ್ಯ ನಿರ್ವಹಣೆಯ 1976ರ ಕಾನೂನು, ಕೆಲಸಗಾರರಿಗೆ ಅಪಾಯದ ಮಾಹಿತಿ ನೀಡಬೇಕೆಂಬ 1983ರ ನಿಯಮ, ಸರಕಾರಿ ನೆಲೆಗಳಿಗೂ ದಂಡ ವಿಧಿಸಬಹುದೆಂದ 1992ರ ಕಾನೂನು ಒಂದರ ಹಿಂದೊಂದು ಬಂದವು. ಅಲ್ಲಿಯವರೆಗೆ ಸ್ಫೋಟ ತಡೆಯುವುದಷ್ಟೇ ಮುಖ್ಯವೆಂದಿದ್ದ ಸೇನೆ ಬಣ್ಣದ ಡಬ್ಬಿಗೂ ಹಳೆ ಎಣ್ಣೆಗೂ ಲೆಕ್ಕ ಕೊಡಬೇಕಾಯಿತು.

ಗುರುತು ಮತ್ತು ದಾಖಲೆ

ನಾಟೊ ದೇಶಗಳ ಸೇನೆಗಳಲ್ಲಿ ಪ್ರತಿ ಸಾಮಗ್ರಿಗೂ 13 ಅಂಕಿಗಳ ದಾಸ್ತಾನು ಸಂಖ್ಯೆಯಿದೆ. ಭಾರತವೂ ಈ ಸಂಕೇತ ಪದ್ಧತಿಯಲ್ಲಿ ಪಾಲುಗೊಂಡಿದೆ. ಮೊದಲ ನಾಲ್ಕು ಅಂಕಿಗಳು ಸಾಮಗ್ರಿಯ ವರ್ಗವನ್ನೂ ಮುಂದಿನ ಎರಡು ದೇಶವನ್ನೂ ಸೂಚಿಸುತ್ತವೆ. 6810ರಿಂದ ಆರಂಭವಾದರೆ ರಾಸಾಯನಿಕ, 6840 ಆದರೆ ಕೀಟನಾಶಕ, 8010 ಆದರೆ ಬಣ್ಣ, 8040 ಆದರೆ ಅಂಟು, 9150 ಆದರೆ ಕೀಲೆಣ್ಣೆ ಮತ್ತು ಗ್ರೀಸು. ಆದರೆ ಈ ಸಂಖ್ಯೆ ಹೇಳುವುದು ವಸ್ತುವಿನ ಉಪಯೋಗವನ್ನು, ಅಪಾಯವನ್ನಲ್ಲ. ಒಂದೇ ಸಂಖ್ಯೆಯ ಬಣ್ಣವನ್ನು ಇಬ್ಬರು ತಯಾರಕರು ಬೇರೆ ಬೇರೆ ದ್ರಾವಕ ಬಳಸಿ ಮಾಡಿರಬಹುದು. ಸೇನೆಯ ನಿರ್ದಿಷ್ಟತೆಗೆ ಎರಡೂ ಸರಿಹೊಂದುತ್ತವೆ. ಒಂದರ ಆವಿ ಮಾತ್ರ ಇನ್ನೊಂದರದಕ್ಕಿಂತ ಬೇಗ ಹೊತ್ತಿಕೊಂಡೀತು.

ಈ ಕಾರಣಕ್ಕೆ ಅಮೆರಿಕದ ರಕ್ಷಣಾ ಇಲಾಖೆ ದಾಸ್ತಾನು ಸಂಖ್ಯೆಯೊಂದಿಗೆ ತಯಾರಕನ ಹೆಸರನ್ನೂ ಆತ ಕೊಟ್ಟ ಸುರಕ್ಷತಾ ಮಾಹಿತಿ ಪತ್ರವನ್ನೂ ಜೋಡಿಸಿದ ಕೇಂದ್ರ ದತ್ತಾಂಶ ಕೋಶವನ್ನು ಇಟ್ಟುಕೊಂಡಿದೆ. ಎಲ್ಲೋ ಒಂದು ನೆಲೆಯಲ್ಲಿ ಡ್ರಮ್ಮು ಸೋರಿದರೆ ಅಲ್ಲಿನ ಸಿಬ್ಬಂದಿ ಸಂಖ್ಯೆ ಹಾಕಿ ನೋಡಿ ಯಾವ ಕೈಗವಸು ಬೇಕು, ನೀರು ಹಾಕಬಹುದೇ, ಕಣ್ಣಿಗೆ ಬಿದ್ದರೆ ಏನು ಮಾಡಬೇಕು ಎಂದು ತಿಳಿಯುತ್ತಾರೆ.

ಡಬ್ಬಿಯಿಂದ ಡಬ್ಬಿಗೆ ಸುರಿಯುವಾಗ ಈ ಸರಪಳಿ ಸುಲಭವಾಗಿ ಕಡಿಯುತ್ತದೆ. 200 ಲೀಟರಿನ ಡ್ರಮ್ಮಿನ ಮೇಲೆ ಲೇಬಲ್ ಇರುತ್ತದೆ. ಅದರಿಂದ ಬಾಟಲಿಗೆ ಬಗ್ಗಿಸಿಕೊಂಡ ದ್ರಾವಕಕ್ಕೆ ಹೆಸರೇ ಇರುವುದಿಲ್ಲ. ತಪಾಸಣೆಗೆ ಬಂದವರು ವರ್ಕ್‌ಶಾಪುಗಳಲ್ಲಿ ಮೊದಲು ಹುಡುಕುವುದು ಹೆಸರಿಲ್ಲದ ಬಾಟಲಿಗಳನ್ನು. ಒಳಗಿರುವುದೇನೆಂದು ತಿಳಿಯದ ವಸ್ತುವನ್ನು ವಿಲೇವಾರಿ ಮಾಡುವ ಮುಂಚೆ ಪ್ರಯೋಗಾಲಯಕ್ಕೆ ಕಳಿಸಬೇಕಾಗುತ್ತದೆ. ಇದರ ಖರ್ಚು ವಸ್ತುವಿನ ಬೆಲೆಯನ್ನು ಎಷ್ಟೋ ಪಾಲು ಮೀರುವುದುಂಟು.

ಖರೀದಿಯ ಹಂತ

ಅಪಾಯವನ್ನು ಅಗ್ಗದಲ್ಲಿ ಕಡಿಮೆ ಮಾಡುವ ಜಾಗ ಉಗ್ರಾಣಕ್ಕಿಂತ ಮೊದಲೇ, ಖರೀದಿಯ ಕಡತದಲ್ಲಿದೆ. ವಿಮಾನ ಇಂಧನದ ಚರಿತ್ರೆ ಇದಕ್ಕೆ ಸಾಕ್ಷಿ. ಅಮೆರಿಕದ ವಾಯುಪಡೆ ಬಹುಕಾಲ ಬಳಸಿದ ಜೆಪಿ-4 ಇಂಧನ ಗ್ಯಾಸೊಲಿನ್ ಮಾದರಿಯ ನಾಫ್ತಾ ಮತ್ತು ಸೀಮೆಎಣ್ಣೆಗಳ ಮಿಶ್ರಣ. ಅದರ ಆವಿ ಹಿಮಬಿಂದುವಿಗಿಂತ ಕೆಳಗಿನ ಉಷ್ಣತೆಯಲ್ಲೂ ಹೊತ್ತಿಕೊಳ್ಳಬಲ್ಲದು. ವಿಯೆಟ್ನಾಂನಲ್ಲಿ ಗುಂಡು ತಗುಲಿದ ವಿಮಾನಗಳು ಉರಿದುಹೋದ ಅನುಭವದ ಮೇಲೆ ಸೀಮೆಎಣ್ಣೆ ಆಧಾರದ ಜೆಪಿ-8ಕ್ಕೆ ಬದಲಾಯಿಸಲು ತೀರ್ಮಾನವಾಗಿ, 1990ರ ದಶಕದ ಮಧ್ಯದ ಹೊತ್ತಿಗೆ ಬದಲಾವಣೆ ಪೂರ್ಣಗೊಂಡಿತು. ಇದು ಕನಿಷ್ಠ 38 ಡಿಗ್ರಿ ಸೆಲ್ಸಿಯಸ್ ತಲುಪುವವರೆಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವುದಿಲ್ಲ. ಇಂಧನ, ಬಾಂಬು, ನಾವಿಕರು ಎಲ್ಲ ಒಂದೇ ಉಕ್ಕಿನ ಗೋಡೆಗಳೊಳಗಿರುವ ವಿಮಾನವಾಹಕ ನೌಕೆಗಳಲ್ಲಿ 60 ಡಿಗ್ರಿಯ ಮಿತಿಯುಳ್ಳ ಜೆಪಿ-5 ಬಳಸುತ್ತಾರೆ. ಲಾರಿ, ಟ್ಯಾಂಕು, ಜನರೇಟರುಗಳಿಗೂ ಒಂದೇ ಇಂಧನವನ್ನು ಬಳಸುವ ನಾಟೊ ನೀತಿಯಿಂದ ಉಗ್ರಾಣದಲ್ಲಿ ಬೇರೆ ಬೇರೆ ಇಂಧನಗಳ ಬೆರಕೆಯಾಗುವ ತಪ್ಪೂ ಕಡಿಮೆಯಾಗುತ್ತದೆ.

ಕ್ಯಾಡ್ಮಿಯಂ ಲೇಪ, ತುಕ್ಕು ತಡೆಯುವ ಕ್ರೋಮೇಟ್ ಬಣ್ಣ, ಕಲ್ನಾರು, ಓಜೋನ್ ಪದರವನ್ನು ಕೆಡಿಸುವ ಹ್ಯಾಲಾನ್ ಅನಿಲ ಮೊದಲಾದವನ್ನು ಕೈಬಿಡುವ ಯತ್ನಗಳು ಇದೇ ಬಗೆಯವು. ಆದರೆ ವಿಮಾನದ ಬಿಡಿಭಾಗವೊಂದರ ಲೇಪ ಬದಲಿಸಲು ವರ್ಷಗಟ್ಟಲೆ ಪರೀಕ್ಷೆ ಬೇಕು. ಹಾಗಾಗಿ ಹೊರಗಿನ ಮಾರುಕಟ್ಟೆಯಲ್ಲಿ ಮರೆಯಾದ ಎಷ್ಟೋ ವಸ್ತುಗಳು ಸೇನೆಯ ಪಟ್ಟಿಯಲ್ಲಿ ಬಹುಕಾಲ ಉಳಿದಿರುತ್ತವೆ.

ದಾಸ್ತಾನು

ಸ್ಫೋಟಕಗಳ ದಾಸ್ತಾನಿಗೆ ಮೂಲಸೂತ್ರ ಪ್ರಮಾಣ ಮತ್ತು ದೂರದ ನಂಟು. ಸ್ಫೋಟದ ಒತ್ತಡ ತಟ್ಟುವ ದೂರ ಸ್ಫೋಟಕದ ತೂಕದ ಘನಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ. ಅಂದರೆ ದಾಸ್ತಾನು ಎಂಟು ಪಟ್ಟಾದರೆ ಬಿಡಬೇಕಾದ ದೂರ ಎರಡು ಪಟ್ಟಾಗುತ್ತದೆ. ಪಕ್ಕದ ಉಗ್ರಾಣ, ಕೆಲಸದ ಕೊಠಡಿ, ಸಾರ್ವಜನಿಕ ರಸ್ತೆ, ಜನವಸತಿ ಇವಕ್ಕೆ ಬೇರೆ ಬೇರೆ ಗುಣಕಗಳಿವೆ. ಜನವಸತಿಗೆ ಬಿಡುವ ದೂರ ಎಲ್ಲಕ್ಕಿಂತ ಹೆಚ್ಚು. ಡಿಪೊ ಕಟ್ಟುವಾಗ ಬಯಲಾಗಿದ್ದ ಜಾಗಕ್ಕೆ ಊರು ಬೆಳೆದು ಬಂದರೆ ಈ ಲೆಕ್ಕ ಕೆಡುತ್ತದೆ.

ಕೆಲವು ವಸ್ತುಗಳಿಗೆ ವಿಶೇಷ ಎಚ್ಚರ ಬೇಕು. ಬಿಳಿ ರಂಜಕ ಗಾಳಿ ಸೋಕಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ, 44 ಡಿಗ್ರಿಯಲ್ಲಿ ಕರಗುತ್ತದೆ. ಕರಗಿ ಒಂದು ಬದಿಗೆ ಸರಿದು ಗಟ್ಟಿಯಾದರೆ ಶೆಲ್ಲಿನ ಸಮತೋಲ ತಪ್ಪಿ ಗುರಿ ಕೆಡುವುದರಿಂದ ಅಂಥ ಶೆಲ್ಲುಗಳನ್ನು ಬುಡ ಕೆಳಗೆ ಮಾಡಿ ನೆಟ್ಟಗೆ ನಿಲ್ಲಿಸುತ್ತಾರೆ. ಹಡಗುಗಳಲ್ಲಿ ಕುಡಿಯುವ ನೀರಿಗೆ ಹಾಕುವ ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಪುಡಿ ಎಣ್ಣೆ, ಗ್ರೀಸು, ಬಣ್ಣ ತಾಗಿದರೆ ಉರಿಯುತ್ತದೆ. ಅದಕ್ಕೆ ಪ್ರತ್ಯೇಕ ಪೆಟ್ಟಿಗೆ, ಮಿತಿಯಾದ ಪ್ರಮಾಣ.

ವಯಸ್ಸು ಇನ್ನೊಂದು ಅಂಶ. ಅಮೆರಿಕದ ಪದ್ಧತಿಯಲ್ಲಿ ಬಾಳಿಕೆಯ ಅವಧಿಯುಳ್ಳ ವಸ್ತುಗಳು ಎರಡು ಬಗೆ. ಮೊದಲನೆಯದಕ್ಕೆ ವಾಯಿದೆ ಮುಗಿದರೆ ಮುಗಿಯಿತು. ಎರಡನೆಯದನ್ನು ಪರೀಕ್ಷಿಸಿ ಅವಧಿ ವಿಸ್ತರಿಸಬಹುದು. ಈ ಪರೀಕ್ಷೆ ಹೊತ್ತಿಗೆ ಸರಿಯಾಗಿ ನಡೆಯದಿದ್ದರೆ ಒಳ್ಳೆಯ ಸರಕೂ ತ್ಯಾಜ್ಯದ ಪಟ್ಟಿಗೆ ಸೇರುತ್ತದೆ. ಮದ್ದುಗುಂಡುಗಳಲ್ಲಿ ವಯಸ್ಸು ಇನ್ನೂ ಗಂಭೀರ. ನೈಟ್ರೊಸೆಲ್ಯುಲೋಸ್ ಆಧಾರದ ನೋದಕಗಳು ನಿಧಾನವಾಗಿ ಕೊಳೆಯುತ್ತ ಶಾಖ ಬಿಡುತ್ತವೆ. ಕೊಳೆತವನ್ನು ತಡೆಯಲು ಬೆರೆಸಿದ ಸ್ಥಿರಕಾರಿ ಎಷ್ಟು ಉಳಿದಿದೆಯೆಂದು ಆಗಾಗ ಅಳೆಯದಿದ್ದರೆ ರಾಶಿ ತಾನಾಗಿ ಹೊತ್ತಿಕೊಂಡೀತು.

ಸೈಪ್ರಸಿನ ಮಾರಿ ನೌಕಾನೆಲೆಯ ಘಟನೆ ವಾರಸುದಾರರಿಲ್ಲದ ದಾಸ್ತಾನಿನ ಕಥೆ. ಇರಾನಿನಿಂದ ಸಿರಿಯಾಕ್ಕೆ ಹೋಗುತ್ತಿದ್ದ ಹಡಗಿನಿಂದ 2009ರಲ್ಲಿ ವಶಪಡಿಸಿಕೊಂಡ 98 ಕಂಟೇನರು ಮದ್ದುಗುಂಡನ್ನು ಅಲ್ಲಿ ಬಯಲಲ್ಲಿ ಒಟ್ಟಲಾಗಿತ್ತು. ಇಟ್ಟುಕೊಳ್ಳಬೇಕೇ, ನಾಶ ಮಾಡಬೇಕೇ ಎಂಬ ರಾಜಕೀಯ ತೀರ್ಮಾನ ಆಗಲೇ ಇಲ್ಲ. ಎರಡು ಬೇಸಗೆ ಬಿಸಿಲುಂಡ ಸರಕು 2011ರ ಜುಲೈ 11ರ ಬೆಳಗ್ಗೆ ಸಿಡಿದು 13 ಜನ ಸತ್ತರು. ಪಕ್ಕದಲ್ಲಿದ್ದ ದೇಶದ ಅತಿ ದೊಡ್ಡ ವಿದ್ಯುತ್ ಸ್ಥಾವರ ಹಾಳಾಯಿತು.

ಸಾಗಣೆ

ಶಾಂತಿಕಾಲದಲ್ಲಿ ಸೇನಾ ಸರಕೂ ಬಹುಮಟ್ಟಿಗೆ ನಾಗರಿಕ ನಿಯಮಗಳ ಪ್ರಕಾರವೇ ಸಾಗುತ್ತದೆ. ಸಮುದ್ರಕ್ಕೆ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಸಂಹಿತೆ, ವಿಮಾನಕ್ಕೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸೂಚನೆಗಳು ಅನ್ವಯಿಸುತ್ತವೆ. ಸೇನಾ ವಿಮಾನಗಳಿಗೆ ಪ್ರತ್ಯೇಕ ಕೈಪಿಡಿಗಳುಂಟು. ಯುದ್ಧಸಜ್ಜಿತ ತುಕಡಿ ತನ್ನ ಜೀಪು, ಇಂಧನ, ಗುಂಡುಗಳೊಂದಿಗೆ ಒಂದೇ ವಿಮಾನದಲ್ಲಿ ಇಳಿಯಬೇಕಾದಾಗ ಕೆಲವು ವಿನಾಯಿತಿಗಳನ್ನು ಕೊಡಲಾಗುತ್ತದೆ. ವಾಹನದ ಟ್ಯಾಂಕಿನಲ್ಲಿ ಎಷ್ಟು ಇಂಧನವಿರಬಹುದು ಎಂಬಂಥ ಮಿತಿಗಳನ್ನು ಆಗಲೂ ಬಿಡುವುದಿಲ್ಲ. ಸರಕಿನ ಸ್ವರೂಪವನ್ನು ಪೈಲಟ್‌ಗೆ ಲಿಖಿತವಾಗಿ ತಿಳಿಸಲೇಬೇಕು.

ಗುಟ್ಟು ಮತ್ತು ಎಚ್ಚರಿಕೆಗಳ ತಿಕ್ಕಾಟ ಹೆಚ್ಚಾಗಿ ಕಾಣುವುದು ಇಲ್ಲೇ. ಲಾರಿಯ ಮೇಲೆ ಸ್ಫೋಟಕದ ಫಲಕ ತೂಗಿಸಿದರೆ ಶತ್ರುವಿಗೆ ಗುರಿ ತೋರಿಸಿದಂತೆ. ತೂಗಿಸದಿದ್ದರೆ ಬೆಂಕಿ ಆರಿಸಲು ಬಂದವರನ್ನು ಬಲಿಕೊಟ್ಟಂತೆ. ಫಲಕ ತೆಗೆಯಬೇಕಾದ ಪ್ರದೇಶಗಳಲ್ಲಿ ದಾಖಲೆ ಪತ್ರಗಳನ್ನು ಚಾಲಕನ ಕೈಯಲ್ಲೂ ಬೆಂಗಾವಲಿನ ಕೈಯಲ್ಲೂ ಇರಿಸುವುದು ಇದಕ್ಕೊಂದು ಮಧ್ಯದ ದಾರಿ.

ಹಂಚಿಕೆ

ಸೈನಿಕರಿಗೆ ಕೊರತೆಯ ಭಯ ಸಹಜ. ಒಂದು ಲೀಟರು ಬೇಕಾದಲ್ಲಿ ಇಪ್ಪತ್ತಕ್ಕೆ ಇಂಡೆಂಟ್ ಹಾಕಿ, ಉಳಿದದ್ದನ್ನು ಬೀರುವಿನ ಹಿಂದೆ ಇಟ್ಟುಕೊಳ್ಳುವ ಅಭ್ಯಾಸ ಎಲ್ಲ ಸೇನೆಗಳಲ್ಲೂ ಇದೆ. ಇದನ್ನು ತಡೆಯಲು ಅಮೆರಿಕದ ನೌಕಾಪಡೆ 1990ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಪಾಯಿಂಟ್ ಮುಗು ನೆಲೆಯಲ್ಲಿ ಹೊಸ ಪದ್ಧತಿಯೊಂದನ್ನು ರೂಢಿಗೆ ತಂದಿತು. ಇದು ಔಷಧದಂಗಡಿಯ ಹಾಗೆ ನಡೆಯುತ್ತದೆ. ಅಪಾಯಕಾರಿ ವಸ್ತುಗಳೆಲ್ಲ ಒಂದೇ ಕೇಂದ್ರದಲ್ಲಿರುತ್ತವೆ. ಬೆಳಗ್ಗೆ ಬಂದ ಮೆಕ್ಯಾನಿಕ್ ಆ ದಿನದ ಕೆಲಸಕ್ಕೆ ಬೇಕಾದಷ್ಟು ಅಂಟನ್ನೋ ಬಣ್ಣವನ್ನೋ ಪಟ್ಟಿಗೆ ಸಹಿ ಹಾಕಿ ಒಯ್ಯುತ್ತಾನೆ. ಸಂಜೆ ಉಳಿದದ್ದನ್ನೂ ಖಾಲಿ ಡಬ್ಬಿಯನ್ನೂ ತಂದೊಪ್ಪಿಸುತ್ತಾನೆ. ಅರ್ಧ ಉಳಿದ ಡಬ್ಬಿ ಮರುದಿನ ಇನ್ನೊಬ್ಬನಿಗೆ ಹೋಗುತ್ತದೆ. ಪಟ್ಟೆ ಗುರುತು ಓದುವ ಯಂತ್ರದಿಂದ ಯಾವ ಡಬ್ಬಿ ಯಾರ ಬಳಿ, ಎಷ್ಟು ಹೊತ್ತಿನಿಂದ ಇದೆಯೆಂಬುದು ಲೆಕ್ಕದಲ್ಲಿರುತ್ತದೆ. ಖರೀದಿ, ತ್ಯಾಜ್ಯ ಎರಡೂ ಇಳಿಯುತ್ತಿದ್ದಂತೆ ಈ ಪದ್ಧತಿ ಇತರ ನೆಲೆಗಳಿಗೂ ಹಡಗುಗಳಿಗೂ ಹಬ್ಬಿತು.

ಲೆಕ್ಕದ ಹೊರಗಿನ ದಾಸ್ತಾನು ಏನು ಮಾಡಬಲ್ಲದು ಎಂಬುದನ್ನು ಜಾರ್ಜ್ ವಾಷಿಂಗ್ಟನ್ ವಿಮಾನವಾಹಕ ನೌಕೆಯಲ್ಲಿ 2008ರ ಮೇ 22ರಂದು ಆದ ಬೆಂಕಿ ತೋರಿಸಿತು. ಶೈತ್ಯಯಂತ್ರದ ಎಣ್ಣೆಯ ಸುಮಾರು 90 ಗ್ಯಾಲನ್‌ಗಳನ್ನು ಇಡಬಾರದ ಜಾಗದಲ್ಲಿ ಇಡಲಾಗಿತ್ತು; ಅದರ ಹತ್ತಿರ ಯಾರೋ ಸಿಗರೇಟು ಸೇದಿದ್ದರು. ನಷ್ಟ 7 ಕೋಟಿ ಡಾಲರ್. ನೌಕೆಯ ಕ್ಯಾಪ್ಟನ್ ಹುದ್ದೆ ಕಳೆದುಕೊಂಡರು.

ವಿಲೇವಾರಿ

ಬೇಡವಾದ ಮದ್ದುಗುಂಡು, ರಾಸಾಯನಿಕ ಅಸ್ತ್ರಗಳನ್ನು ಸಮುದ್ರಕ್ಕೆ ಎಸೆಯುವುದು ಬಹುಕಾಲದ ರೂಢಿ. ಬಾಲ್ಟಿಕ್ ಸಮುದ್ರ ಮತ್ತು ಸ್ಕಾಟ್ಲೆಂಡ್-ಐರ್ಲೆಂಡ್ ನಡುವಿನ ಬೋಫರ್ಟ್ಸ್ ಡೈಕ್ ಕಂದಕದಲ್ಲಿ ಯುದ್ಧಾನಂತರ ಸುರಿದದ್ದು ಇಂದಿಗೂ ಮೀನುಗಾರರ ಬಲೆಗೆ ಸಿಗುವುದಿದೆ. ಅಮೆರಿಕ 1964ರಿಂದ 1970ರವರೆಗೆ ಹಳೆಯ ಹಡಗುಗಳಲ್ಲಿ ಇಂಥ ಸರಕು ತುಂಬಿ ಹಡಗು ಸಮೇತ ಮುಳುಗಿಸಿತು. 1972ರ ಲಂಡನ್ ಒಪ್ಪಂದದಿಂದ ಈ ರೂಢಿಗೆ ತಡೆ ಬಿತ್ತು.

ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದ 1997ರಲ್ಲಿ ಜಾರಿಗೆ ಬಂದ ಮೇಲೆ ದಾಸ್ತಾನುಗಳನ್ನು ಸುಟ್ಟು ಅಥವಾ ರಾಸಾಯನಿಕ ಕ್ರಿಯೆಯಿಂದ ನಿರ್ವಿಷಗೊಳಿಸುವ ಕೆಲಸ ಸದಸ್ಯ ದೇಶಗಳಿಗೆ ಕಡ್ಡಾಯವಾಯಿತು. ಭಾರತ ತನ್ನಲ್ಲಿದ್ದ ಸಾವಿರ ಟನ್ನಿಗೂ ಮಿಕ್ಕ ಸಾಸಿವೆ ಅನಿಲದ ನಾಶವನ್ನು 2009ರಲ್ಲಿ ಪೂರ್ಣಗೊಳಿಸಿತು. ಅಮೆರಿಕದಲ್ಲಿ ಇದು ಮುಗಿದದ್ದು 2023ರ ಜುಲೈ 7ರಂದು, ಕೆಂಟಕಿಯ ಬ್ಲೂ ಗ್ರಾಸ್ ಡಿಪೊದಲ್ಲಿ.

ಯುದ್ಧಭೂಮಿಯಲ್ಲಿ ವಿಲೇವಾರಿಗೆ ಅನುಕೂಲವಿಲ್ಲ. ಇರಾಕ್ ಮತ್ತು ಅಫ್ಘಾನಿಸ್ತಾನಗಳ ಅಮೆರಿಕನ್ ನೆಲೆಗಳಲ್ಲಿ ಪ್ಲಾಸ್ಟಿಕ್, ಬ್ಯಾಟರಿ, ಬಣ್ಣ, ಔಷಧಗಳನ್ನು ತೆರೆದ ಗುಂಡಿಗಳಲ್ಲಿ ವಿಮಾನ ಇಂಧನ ಸುರಿದು ಸುಡುತ್ತಿದ್ದರು. ಆ ಹೊಗೆ ಕುಡಿದು ಕಾಯಿಲೆ ಬಿದ್ದ ಸೈನಿಕರಿಗೆ ಪರಿಹಾರದ ಹಕ್ಕು ಕೊಡುವ ಕಾನೂನು ಅಮೆರಿಕದಲ್ಲಿ 2022ರ ಆಗಸ್ಟಿನಲ್ಲಿ ಜಾರಿಯಾಯಿತು.

ನೆಲ-ನೀರಿನ ಮೇಲಣ ಪರಿಣಾಮ

ಸ್ಫೋಟ ಒಂದು ಕ್ಷಣದ್ದು, ಸೋರಿಕೆ ತಲೆಮಾರುಗಳದ್ದು. ಉತ್ತರ ಕೆರೊಲಿನಾದ ಲೆಜೂನ್ ನೌಕಾ ಸೈನಿಕ ಶಿಬಿರದ ಕುಡಿಯುವ ನೀರಿನಲ್ಲಿ 1953ರಿಂದ 1987ರವರೆಗೆ ದ್ರಾವಕಗಳೂ ಬೆಂಜೀನೂ ಬೆರೆತಿದ್ದವು. ಇಂಧನದ ಬೆಂಕಿ ಆರಿಸಲು 1960ರ ದಶಕದಲ್ಲಿ ರೂಪುಗೊಂಡ ನೊರೆ ಅಸಂಖ್ಯ ಜೀವ ಉಳಿಸಿತು. ಅದರಲ್ಲಿದ್ದ ಫ್ಲೂರಿನ್ ಸಂಯುಕ್ತಗಳು ಮಾತ್ರ ಮಣ್ಣಲ್ಲಿ ಒಡೆದುಹೋಗದೆ ವಾಯುನೆಲೆಗಳ ಸುತ್ತಲಿನ ಬಾವಿಗಳಿಗೆ ಇಳಿದವು. ಫ್ಲೂರಿನ್ ಇಲ್ಲದ ನೊರೆಗೆ ಬದಲಾಗಬೇಕೆಂದು ಅಮೆರಿಕದ ಕಾಂಗ್ರೆಸ್ ಸೇನೆಗೆ ಆದೇಶಿಸಿದೆ.

ಹವಾಯಿಯ ರೆಡ್ ಹಿಲ್ ಇಂಧನಾಗಾರವನ್ನು ಎರಡನೆಯ ಮಹಾಯುದ್ಧದ ಹೊತ್ತಿಗೆ, ವಿಮಾನದಾಳಿಗೆ ಸಿಗದಂತೆ, ಬೆಟ್ಟದ ಒಡಲು ಕೊರೆದು ಕಟ್ಟಲಾಯಿತು. ಒಂದೊಂದೂ 250 ಅಡಿ ಎತ್ತರದ 20 ಟ್ಯಾಂಕುಗಳು. ಅವುಗಳ ತಳದಿಂದ ಸುಮಾರು 100 ಅಡಿ ಕೆಳಗೆ ಹೊನೊಲುಲು ಕುಡಿಯುವ ಅಂತರ್ಜಲ. 2021ರ ಮೇ 6ರಂದು ಚೆಲ್ಲಿದ ಇಂಧನದ ಬಹುಪಾಲು ಯಾರಿಗೂ ತಿಳಿಯದಂತೆ ಬೆಂಕಿ ಆರಿಸುವ ವ್ಯವಸ್ಥೆಯ ಕೊಳವೆಗೆ ಸೇರಿತು. ಇಂಧನದ ಲೆಕ್ಕದಲ್ಲಿ ಕೊರತೆ ಕಂಡರೂ ಅದು ಎಲ್ಲಿಗೆ ಹೋಯಿತೆಂದು ಪತ್ತೆಯಾಗಲಿಲ್ಲ. ನವೆಂಬರ್ 20ರಂದು ಸುರಂಗದ ಪುಟ್ಟ ರೈಲುಗಾಡಿ ಆ ಕೊಳವೆಗೆ ಬಡಿದಾಗ ಇಂಧನ ಹೊರಬಂದು ಬಾವಿಗೆ ಸೇರಿತು. ಸುಮಾರು 93,000 ಬಳಕೆದಾರರ ನಲ್ಲಿ ನೀರು ಕೆಟ್ಟಿತು. 2022ರ ಮಾರ್ಚಿನಲ್ಲಿ ಆಗಾರವನ್ನು ಶಾಶ್ವತವಾಗಿ ಮುಚ್ಚಲು ಆದೇಶವಾಯಿತು.

ಭಾರತದಲ್ಲಿ

ಭಾರತದ ಭೂಸೇನೆಯಲ್ಲಿ ಮದ್ದುಗುಂಡು ಮತ್ತು ಸಾಮಾನ್ಯ ಸಾಮಗ್ರಿ ಆರ್ಮಿ ಆರ್ಡ್‌ನನ್ಸ್ ಕೋರಿನ ಹೊಣೆ. ಇಂಧನ, ಎಣ್ಣೆ, ಕೀಲೆಣ್ಣೆಗಳು ಆರ್ಮಿ ಸರ್ವಿಸ್ ಕೋರಿನವು. ಬೆಂಗಳೂರಿನಲ್ಲಿ ಸರ್ವಿಸ್ ಕೋರಿನ ತರಬೇತಿ ಕೇಂದ್ರವಿದೆ. ಹಲಸೂರಿನ 515ನೇ ಸೇನಾ ಬೇಸ್ ವರ್ಕ್‌ಶಾಪ್, ಕಾರವಾರದ ಕದಂಬ ನೌಕಾನೆಲೆ, ಬೀದರ್ ಮತ್ತು ಯಲಹಂಕದ ವಾಯುನೆಲೆಗಳು ಕರ್ನಾಟಕದಲ್ಲಿ ಇಂಥ ವಸ್ತುಗಳನ್ನು ನಿತ್ಯ ನಿಭಾಯಿಸುವ ಕೇಂದ್ರಗಳು.

1884ರ ಸ್ಫೋಟಕ ಕಾಯ್ದೆ ಸೇನಾಪಡೆಗಳಿಗೆ ವಿನಾಯಿತಿ ಕೊಡುತ್ತದೆ. ಸೇನೆಗೆ ತನ್ನದೇ ನಿಯಮಾವಳಿಯಿದ್ದು, ಸ್ಫೋಟಕಗಳ ಸಂಗ್ರಹ ಮತ್ತು ಸಾಗಣೆ ಸಮಿತಿ ಅದನ್ನು ರೂಪಿಸುತ್ತದೆ. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ (ಡಿಆರ್‌ಡಿಒ) ಅಗ್ನಿ, ಸ್ಫೋಟಕ ಮತ್ತು ಪರಿಸರ ಸುರಕ್ಷತಾ ಕೇಂದ್ರ ದೆಹಲಿಯಲ್ಲಿದೆ. ಡಿಪೊಗಳ ಸುತ್ತ ಕಟ್ಟಡಗಳನ್ನು ತಡೆಯುವ ಅಧಿಕಾರ 1903ರ ರಕ್ಷಣಾ ಕಾಮಗಾರಿಗಳ ಕಾಯ್ದೆಯಿಂದ ಬಂದಿದೆ. ರೈಲಿನಲ್ಲಿ ಸಾಗಿಸಲು ರೈಲ್ವೆಯ ರೆಡ್ ಟ್ಯಾರಿಫ್ ಎಂಬ ನಿಯಮ ಪುಸ್ತಕವುಂಟು. ಭೋಪಾಲ್ ದುರಂತದ ಬಳಿಕ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ ಅಪಾಯಕಾರಿ ತ್ಯಾಜ್ಯದ ನಿಯಮಗಳು ರೂಪುಗೊಂಡವು. ಈಗ ಜಾರಿಯಲ್ಲಿರುವ 2016ರ ನಿಯಮಗಳ ಪ್ರಕಾರ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕಾಲ ತ್ಯಾಜ್ಯವನ್ನು ಕೂಡಿಡುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಸೇನಾ ಬಳಕೆಗೆಂದೇ ಇರುವ ಬ್ಯಾಟರಿಗಳನ್ನು ಹೊರಗಿಟ್ಟಿವೆ.

ಹವಾಗುಣ, ಭೂಗೋಳಗಳ ವೈವಿಧ್ಯ ಭಾರತಕ್ಕೆ ಹೆಚ್ಚಿನ ಹೊರೆ. ಲಡಾಖಿನ ದಾರಿಗಳು ಮುಚ್ಚುವ ಮೊದಲು ಇಡೀ ಚಳಿಗಾಲಕ್ಕೆ ಬೇಕಾದ ಸೀಮೆಎಣ್ಣೆ, ಡೀಸೆಲ್‌ಗಳನ್ನು ಏರಿಸಿಡಬೇಕು. ಖಾಲಿ ಜೆರಿಕ್ಯಾನುಗಳನ್ನು ಸಿಯಾಚಿನ್‌ನಿಂದ ಕೆಳಗಿಳಿಸುವುದು ಬೇರೊಂದು ಕೆಲಸ. ರಾಜಸ್ಥಾನದಲ್ಲಿ ತೊಂದರೆ ಬಿಸಿಲಿನದು. ದ್ರವ ಇಂಧನದ ಪೃಥ್ವಿ ಕ್ಷಿಪಣಿಗೆ ಬೇಕಾದ ಉತ್ಕರ್ಷಕ ಹೊಗೆಯಾಡುವ ನೈಟ್ರಿಕ್ ಆಮ್ಲ. ಇಂಧನಕ್ಕೆ ತಾಗಿದೊಡನೆ ಅದು ಉರಿಯುವುದರಿಂದ ಎರಡನ್ನೂ ಬೇರೆ ಬೇರೆ ವಾಹನಗಳಲ್ಲಿ ಒಯ್ಯಬೇಕು. ನಂತರ ಬಂದ ಅಗ್ನಿ ಸರಣಿಯ ಕ್ಷಿಪಣಿಗಳು ಘನ ಇಂಧನಕ್ಕೆ ಹೊರಳಿದ್ದರಿಂದ ಈ ತೊಡಕು ಕಡಿಮೆಯಾಯಿತು.

ಭಾರತದ ಡಿಪೊಗಳ ಅವಘಡಗಳಲ್ಲಿ ರಾಜಸ್ಥಾನದ ಭರತಪುರ (2000ರ ಏಪ್ರಿಲ್ 28), ಕಾಶ್ಮೀರದ ಖುಂದ್ರು (2007ರ ಆಗಸ್ಟ್ 11) ಮತ್ತು ಮಹಾರಾಷ್ಟ್ರದ ಪುಲಗಾಂವ್ (2016ರ ಮೇ 31) ಮುಖ್ಯವಾದವು. ಭರತಪುರದಲ್ಲಿ ಬೆಂಕಿ ಹಬ್ಬಲು ಕತ್ತರಿಸದೆ ಬಿಟ್ಟಿದ್ದ ಒಣಹುಲ್ಲು ನೆರವಾಯಿತು. ಖರ್ಚು ಉಳಿಸಲು ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿದ್ದು ಬಳಿಕ ಟೀಕೆಗೆ ಗುರಿಯಾಯಿತು. ಪುಲಗಾಂವ್‌ನಲ್ಲಿ ಇಬ್ಬರು ಅಧಿಕಾರಿಗಳೂ ಅಗ್ನಿಶಾಮಕರೂ ಸೇರಿ ಹಲವರು ಸತ್ತರು. ಟ್ಯಾಂಕ್ ನಿರೋಧಕ ನೆಲಬಾಂಬುಗಳಿಂದ ಟಿಎನ್‌ಟಿ ಜಿನುಗುತ್ತಿದ್ದುದು ಚರ್ಚೆಗೆ ಬಂತು. ಅದೇ ಡಿಪೊದ ಹತ್ತಿರ 2018ರ ನವೆಂಬರ್ 20ರಂದು ಹಳೆಯ ಮದ್ದುಗುಂಡುಗಳನ್ನು ನಾಶ ಮಾಡಲು ಇಳಿಸುವಾಗ ಸ್ಫೋಟವಾಗಿ ಆರು ಮಂದಿ ಸತ್ತರು. ಸತ್ತವರಲ್ಲಿ ಸುತ್ತಲಿನ ಹಳ್ಳಿಗಳ ಕೂಲಿಯಾಳುಗಳಿದ್ದರು. ವರ್ಗೀಕರಣ, ಲೇಬಲ್, ಮಾಹಿತಿ ಪತ್ರಗಳ ವ್ಯವಸ್ಥೆ ಸಮವಸ್ತ್ರ ಧರಿಸಿದವರಿಗೆ ಮಾತ್ರ ತಲುಪಿದರೆ ಸಾಲದೆಂಬುದಕ್ಕೆ ಇದು ನಿದರ್ಶನ.

ಈಚಿನ ಒಲವುಗಳು

ಡ್ರೋನ್, ರೇಡಿಯೊ, ರಾತ್ರಿ ದರ್ಶಕಗಳ ಜೊತೆಗೆ ಲಿಥಿಯಂ ಬ್ಯಾಟರಿಗಳ ಸಂಖ್ಯೆ ಏರುತ್ತಿದೆ. ಜಜ್ಜಿದರೆ ಅಥವಾ ಅತಿಯಾಗಿ ಚಾರ್ಜ್ ಮಾಡಿದರೆ ಇವು ತಾವಾಗಿ ಉರಿಯುತ್ತವೆ. ಒಮ್ಮೆ ಆರಿದರೂ ಮತ್ತೆ ಹೊತ್ತಿಕೊಳ್ಳುತ್ತವೆ. ಪ್ರತಿ ಸೈನಿಕನೂ ಹಲವನ್ನು ಹೊತ್ತು ತಿರುಗುವುದರಿಂದ ಇವನ್ನು ಒಂದು ಉಗ್ರಾಣದಲ್ಲಿ ಕೂಡಿಟ್ಟು ಕಾಯುವುದು ಸಾಧ್ಯವಿಲ್ಲ. ಪೆಟ್ಟಿಗೆಗಳಿಗೆ ರೇಡಿಯೊ ತರಂಗದ ಗುರುತುಪಟ್ಟಿ ಅಂಟಿಸಿ ಉಷ್ಣತೆ, ತೇವಾಂಶ, ವಯಸ್ಸನ್ನು ದೂರದಿಂದಲೇ ಗಮನಿಸುವ ಪ್ರಯತ್ನಗಳು ನಡೆದಿವೆ. ಆದರೆ ಸ್ಫೋಟಕಗಳ ಹತ್ತಿರ ರೇಡಿಯೊ ತರಂಗವೇ ಅಪಾಯವಾಗಬಲ್ಲದು: ವಿದ್ಯುತ್ತಿನಿಂದ ಸಿಡಿಯುವ ಡಿಟೊನೇಟರುಗಳನ್ನು ಅದು ಕೆರಳಿಸೀತು. ಆದ್ದರಿಂದ ಇಂಥ ಪ್ರತಿ ಉಪಕರಣಕ್ಕೂ ಸುರಕ್ಷತಾ ಅನುಮೋದನೆ ಬೇಕು. ಹೀಗೆ ಅಪಾಯವನ್ನು ತಿಳಿಸಲು ಬಂದ ಸಾಧನವನ್ನೂ ಅಪಾಯಗಳ ಪಟ್ಟಿಯಲ್ಲಿಟ್ಟು ಪರಿಶೀಲಿಸುವುದು ಈ ವ್ಯವಸ್ಥೆಯ ಇಂದಿನ ಕ್ರಮ.